ಅರಿಶಿನ ದಾರ ಕಟ್ಟಿದ ಸರಳು

ಆಯಿಲಿನ ವಾಸನೆ ಬಂದರೆ ಇವತ್ತಿಗೂ, ಬೆರಳು ಮೂಸುತ್ತಾ ಚಿಕ್ಕಪ್ಪನನ್ನು ದುರುಗುಟ್ಟಿ ನೋಡುವ ಅಪ್ಪ ಕಣ್ಮುಂದೆ ಬರುತ್ತಾನೆ.

ಆಯುಧಪೂಜೆಯ ಮಾರನೇ ದಿನ ಹೊಂಗನೂರಿನ ನಮ್ಮ ಹಿಪ್ಪುನೇರಳೆ ತೋಟಕ್ಕೆ ಹಳೇ ಪುಟ್ಟ ಟ್ರಾಕ್ಟರ್ ಹೊರಡಬೇಕಿತ್ತು. ಚಿಕ್ಕಪ್ಪ ಎಲ್ಲಿಂದಲೋ ತಂದಿದ್ದ ಆ ಗಾಡಿಗೆ ಗೇರಿರಲಿಲ್ಲ. ಆಯಿಲಿನ ಒತ್ತಡಕ್ಕೇ ಚಕ್ರ ತಿರುಗುತ್ತಿತ್ತು. ಅವತ್ತು ಇಂಜಿನ್ ಗುಡುಗಿದರೂ ಚಕ್ರ ಅಲುಗಲಿಲ್ಲ.

“ಒಳ್ಳೇ ಆಯಿಲ್ ಬಸ್ಕೊಂಡು ಎಂಥದೋ ಹುಯ್ದಿದ್ದೀಯ ಕಣ್ಲಾ,” ಅಂದ ಅಪ್ಪ.

“ಕಬ್ಬಾಳಮ್ಮನಾಣೆಗೂ ಇಲ್ಲ ಕಣಣ್ಣ,” ಅಂದ ಚಿಕ್ಕಪ್ಪ.

ಅಪ್ಪ ನಂಬಲಿಲ್ಲ. ಬಿಸಿ ಆಯಿಲನ್ನೆಲ್ಲ ಬಕೆಟ್ಟಿಗೆ ಬಸಿದು, ತಾನೇ ಚನ್ನಪಟ್ಟಣಕ್ಕೆ ಹೋಗಿ ತಂದ ಹೊಸ ಡಬ್ಬಿ ಸುರಿದ. ಚಿಕ್ಕಪ್ಪ ಸೀಟಿನಲ್ಲಿ ಕೂತು, ಇಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿದ. ಊಹೂಂ.

ಅಷ್ಟರಲ್ಲಿ ಪೂಜೆಯ ಬಾಡಿದ ಹೂವು ತೆಗೆಯಲು ಅಜ್ಜಿ ಬಂದಳು. ಸೀಟಿನ ಹಿಂದೆ ಹೊರಚಾಚಿದ್ದ ಸರಳನ್ನು ಸೀಟಿಗೆ ಸೇರಿಸಿ ತಾನೇ ಬಿಗಿದಿದ್ದ ಅರಿಶಿನ ದಾರ ಬಿಚ್ಚಿದಳು. ಸರಳು ಟಕ್ಕನೆ ಒಳಸರಿಯಿತು, ಟ್ರಾಕ್ಟರ್ ಮುಂದಕ್ಕೆ ಜಿಗಿಯಿತು. ಹಿಂದಿನ ದಿನ ಗಾಡಿಯನ್ನು ತೊಳೆಯಲು ತಳ್ಳುವಾಗ, ಆಯಿಲಿನ ಒತ್ತಡ ತಪ್ಪಿ ಚಕ್ರ ಸಡಿಲವಾಗಲೆಂದು ಅಪ್ಪನೇ ಹೊರಗೆಳೆದಿದ್ದ ಸರಳು ಅದು.

ಅಪ್ಪ, ಚಿಕ್ಕಪ್ಪ ಮುಟ್ಟಿಯೂ ಇರದ, ತಾನೇ ತಂದ ಡಬ್ಬಿಯ ತಳದಲ್ಲಿ ಉಳಿದಿದ್ದ ಆಯಿಲಿಗೆ ಬೆರಳದ್ದಿ ಮೂಸಿದ.

“ಆದ್ರೂ ಈ ವಾಸ್ನೆ ಯಾಕೋ ಒಸಿ ಬ್ಯಾರೆ ಐತೆ,” ಅಂದ, ಚಿಕ್ಕಪ್ಪನನ್ನೇ ನೋಡುತ್ತಾ.