ಮೊಳೆಗೆ ತೂಗಿದ ಎದೆ

ಮುಚ್ಚಿದ ಬಾಗಿಲಿನ ಒಳಮೈಯ ಮೊಳೆಯಲ್ಲಿ ಕಪ್ಪು ಬಟ್ಟೆಯೊಂದು ತೂಗುತ್ತಿತ್ತು. ಬಟ್ಟೆಯ ನಡುವೆ, ಕೂದಲೆಳೆಯಷ್ಟು ಸಣ್ಣ ಬೂದುಗೆರೆಗಳಲ್ಲಿ, ಒಂದು ಜೊತೆ ಶ್ವಾಸಕೋಶ. ಕೊರಳಿನಿಂದ ಇಳಿದ ನಾಳ ತಲೆಕೆಳಗಾದ ಮರದಂತೆ ಕವಲೊಡೆದು, ಕವಲು ಕವಲಾಗಿ, ಕೊನೆಗೆ ಕಣ್ಣಿಗೆ ಸಿಗದಷ್ಟು ಸಣ್ಣ ಕಡ್ಡಿಗಳಾಗಿ ಹರಡಿತ್ತು. ಎದುರಿನ ಕಿಟಕಿಯ ಬೆಳಗಿನ ಬೆಳಕು ಅದರ ಮೇಲೆ ನಿಂತಿತ್ತು. ಕಡ್ಡಿಗಳ ಸಂದಿನಲ್ಲಿ, ಅಲ್ಲೊಂದು ಇಲ್ಲೊಂದು, ಬಿಳಿಯ ಚುಕ್ಕೆಗಳು. ಯಾವುದೂ ಅಲುಗುತ್ತಿರಲಿಲ್ಲ.

ಪಾಪಕ್ಕ ಕೈಯಲ್ಲಿದ್ದ ಕಾಫಿ ಲೋಟವನ್ನು ನೆಲಕ್ಕಿಟ್ಟಳು.

ಚಿನ್ನದ ಗಣಿ ಕಾರ್ಮಿಕರ ಆ ಸಾಲುಮನೆಗಳಲ್ಲಿ ಎಕ್ಸ್-ರೇ ಹಾಳೆಯನ್ನು ಯಾರೂ ಪೆಟ್ಟಿಗೆಯಲ್ಲಿಡುತ್ತಿರಲಿಲ್ಲ. ಮಡಿಕೆ ಬಿದ್ದರೆ ಡಾಕ್ಟರು ಬೈಯುತ್ತಾರೆಂದು ಬಾಗಿಲ ಹಿಂದೆ ತೂಗುಹಾಕುತ್ತಿದ್ದರು. ಅವಳ ಗಂಡ ಸೆಲ್ವರಾಜನ ಎದೆ ಇದೇ ಮೊಳೆಯಲ್ಲಿ ತೂಗಿತ್ತು. ಅವನು ಹೋದ ಮೇಲೂ ಬಹಳ ಕಾಲ ತೂಗಿತ್ತು. ಕರಿಯ ಹಾಳೆ, ಅದರೊಳಗೆ ಬಿಳಿಯ ಚುಕ್ಕೆ. ಚುಕ್ಕೆಯೆಂದರೆ ಎದೆಗಿಳಿದು ಕೂತ ಕಲ್ಲುಪುಡಿಯೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಚ್ಚಲಲ್ಲಿ ಮಗ ವಿಜಯಕುಮಾರ್ ಮುಖ ತೊಳೆಯುತ್ತ ಕೆಮ್ಮುತ್ತಿದ್ದ. ಬಂಗಾರಪೇಟೆಯ ಶೆಡ್ಡೊಂದರಲ್ಲಿ ಅವನಿಗೆ ಗ್ರಾನೈಟ್ ಕತ್ತರಿಸುವ ಕೆಲಸ. ಮಳೆಗಾಲದ ಶೀತವೆಂದು ಹೇಳಿಕೊಂಡು ಬಂದ ಕೆಮ್ಮು ಬೇಸಿಗೆಯಾದರೂ ಬಿಟ್ಟಿರಲಿಲ್ಲ.

“ಯಾವಾಗ ತೆಗೆಸ್ದೆಲಾ?” ಅವನು ಹೊರಬಂದೊಡನೆ ಪಾಪಕ್ಕ, ಬಾಗಿಲಿನಿಂದ ಕಣ್ಣು ಕೀಳದೆ, ಕೇಳಿದಳು. “ನಂಗೊಂದ್ ಮಾತೂ ಏಳ್ದೆ ತಂದು ತಗಲಾಕಿದ್ದೀಯಲ್ಲ.”

“ಏನ್ ತೆಗೆಸ್ದೆ?”

“ನಿನ್ನೆದೆ ಫೋಟೊ.”

ಮೂಲೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಮೊಮ್ಮಗಳು ಸುಮಿತಾ ನಕ್ಕುಬಿಟ್ಟಳು. “ಅಯ್ಯೋ ಅಜ್ಜಿ, ಅದು ನನ್ ಕಾಲೇಜ್ ಬ್ಯಾಗು. ನಿನ್ನೆ ಆನ್‌ಲೈನಲ್ಲಿ ಬಂತು. ಯಾವ್ದೋ ಕಾಲದಲ್ಲಿ ಯಾರೋ ಬಿಳಿ ದೊರೆ ಬರ್ದಿದ್ದ ಚಿತ್ರವಂತೆ, ಈಗ ಫ್ಯಾಷನ್ನು.”

“ಸತ್ತ ದೊರೆ ಎದೆ ಒತ್ಕಂಡು ಕಾಲೇಜಿಗೆ ಓಗ್ತೀಯೇನೇ?”

“ಅದ್ರಲ್ಲೇನು, ಟಿಫನ್ ಬಾಕ್ಸೂ ಹಿಡೀತದೆ.”

ಪಾಪಕ್ಕನೂ ನಕ್ಕಳು. ಆದರೂ ಹತ್ತಿರ ಹೋಗಿ ಕಣ್ಣು ಕಿರಿದುಮಾಡಿದಳು. “ಚೀಲ ಆದ್ರೆ ಚುಕ್ಕೆ ಯಾಕೈತೆ?”

ಸುಮಿತಾ ಎದ್ದುಬಂದು ಚೀಲವನ್ನು ಅಂಗೈಯಿಂದ ತಟ್ಟಿದಳು. ಚುಕ್ಕೆಗಳು ಹಾರಿಹೋದವು. “ನೋಡು, ಬರೀ ಪುಡಿ. ರಾತ್ರಿ ಅಪ್ಪ ಇದ್ರ ಮೇಲೇ ಅಂಗಿ ನೇತಾಕಿದ್ರು, ಅದ್ರದ್ದು. ಈಗ ನಾನೇ ಅದನ್ನ ಪಕ್ಕಕ್ಕೆ ಹಾಕ್ದೆ.”

ಪಕ್ಕದ ಮೊಳೆಯಲ್ಲಿ ನಿನ್ನೆಯ ಅಂಗಿಯಿತ್ತು. ಪಾಪಕ್ಕ ಅದರ ತೋಳನ್ನು ಬೆರಳುಗಳ ನಡುವೆ ಉಜ್ಜಿದಳು. ಪುಡಿ ತರಿತರಿಯಾಗಿರಲಿಲ್ಲ; ಮುಖಕ್ಕೆ ಹಚ್ಚುವ ಪೌಡರಿನಂತೆ ನುಣುಪಾಗಿತ್ತು. ಗಂಡನ ಅಂಗಿಗಳನ್ನು ಒಗೆದ ಆ ಬೆರಳುಗಳಿಗೆ ಈ ನುಣುಪು ಹಳೆಯ ಪರಿಚಯ. ನಗು ಇನ್ನೂ ಅವಳ ಮುಖದಲ್ಲಿತ್ತು. ಅದನ್ನು ತೆಗೆಯಲು ಅವಳು ಮರೆತಿದ್ದಳು.

“ಕುಮಾರ, ಇವತ್ತು ಕೆಲ್ಸಕ್ಕೆ ಬ್ಯಾಡ. ಆಸ್ಪತ್ರೆಗೋಗಿ ನಿಜವಾದ್ ಫೋಟೊ ತೆಗೆಸ್ಕಂಡು ಬಾ. ನಾನೂ ಬತ್ತೀನಿ.”

“ಫೋಟೊದಲ್ಲಿ ಏನಾದ್ರೂ ಬಿತ್ತು ಅಂದ್ಕೊ. ಶೆಡ್ನೋರು ನಾಳೆಯಿಂದ ಬರ್ಬೇಡ ಅಂತಾರೆ. ಆಮೇಲೆ?” ಜಿಪ್ಪು ಕಿತ್ತುಹೋಗಿದ್ದ ತನ್ನ ಚೀಲವನ್ನು ಬದಿಗೆಸೆದು, ಅವನು ಮಗಳ ಚೀಲಕ್ಕೆ ಬುತ್ತಿಯನ್ನಿಳಿಸಿದ. “ತೆಗೆಸ್ದೆ ಇರೋ ಫೋಟೊದಲ್ಲಿ ಯಾವ ಚುಕ್ಕೆನೂ ಇರಲ್ಲಮ್ಮ.”

“ಅಪ್ಪಾ, ನನ್ ಬ್ಯಾಗು.”

“ಇವತ್ತೊಂದಿನ ಕಣೇ. ರೈಲಿಗೆ ಒತ್ತಾಯ್ತು.”

“ನಿಮ್ಮಪ್ಪಾನೂ ಇಂಗೇ ಅಂತಿದ್ರು,” ಎಂದಳು ಪಾಪಕ್ಕ.

ವಿಜಯಕುಮಾರ್ ಚೀಲವನ್ನು ಬೆನ್ನಿಗೇರಿಸಿದ. ಹೊಸ್ತಿಲಲ್ಲಿ ಕೆಮ್ಮು ಅವನನ್ನು ಬಗ್ಗಿಸಿತು. ಬೆನ್ನ ಮೇಲೆ ತೂಗುತ್ತಿದ್ದ ಚಿತ್ರದ ಎದೆ ಅವನೊಡನೆ ಏರಿ, ಇಳಿದು, ಮತ್ತೆ ಏರಿತು. ತಾಯಿಗೆ ಅದು ಕಾಣದಿರಲೆಂಬಂತೆ ಅವನು ಹೊರಗಿನಿಂದ ಬಾಗಿಲನ್ನು ಎಳೆದುಕೊಂಡ.

ಬಾಗಿಲು ಬಡಿದ ರಭಸಕ್ಕೆ ಮೊಳೆಯ ಅಂಗಿ ಮೈ ಕೊಡವಿತು. ಬಿಳಿಯ ಪುಡಿ ಬೆಳಕಿನ ಕೋಲಿನಲ್ಲಿ ಎದ್ದು, ನಿಧಾನವಾಗಿ, ಸುಮಿತಾಳ ಕಡೆಗೆ ಹೊರಳಿತು. ಪಾಪಕ್ಕ ಸೆರಗಿನಿಂದ ಮೊಮ್ಮಗಳ ಮೂಗುಬಾಯಿಯನ್ನು ಬಿಗಿಯಾಗಿ ಮುಚ್ಚಿದಳು.