ಕೊನೆಯ ಜೇಬು

"ಗಡ್ಡ ಬಂದ್ರೂ ಇನ್ನೂ ನರಿ ಕಾರ್ಡು ಜೋಡಿಸ್ಕೊಂಡು ಕುಂತವ್ನಲ್ಲ, ಇಂತೋನ್ಗೆ ನಮ್ ನಿಸರ್ಗನ ಕೊಡದಾ?" ಹಳೇಕೋಟೆಗೆ ಗಂಡಿನ ಮನೆ ನೋಡಲು ಬಂದಿದ್ದ ಹೆಣ್ಣಿನ ದೊಡ್ಡಪ್ಪ ಚನ್ನಪ್ಪ ಎಲ್ಲರೆದುರೇ ನಕ್ಕ. ಕೇಸರಿಬಾತಿನ ತುಪ್ಪದ ಬೆರಳಲ್ಲೇ ಮದುವೆಗಂಡು ದಿಲೀಪನ ಆಲ್ಬಮ್ ಮಗುಚತೊಡಗಿದ.

"ಆಟ ಬುಡಣ್ಣ, ಹುಡ್ಗ ಪಿಯುಸಿ ಪಾಸಾಗವ್ನೆ," ಎಂದ ದಿಲೀಪನ ಸೋದರಮಾವ.

ದಿಲೀಪ ಆಲ್ಬಮ್ಮಿನತ್ತ ಜರುಗಿ ಕೂತ. ಚಿಪ್ಸ್ ಪ್ಯಾಕೆಟಿನಲ್ಲಿ ಬರುತ್ತಿದ್ದ ಕಾರ್ಟೂನ್ ನರಿಯ ಕಾರ್ಡುಗಳನ್ನು ಅವನು ಹತ್ತು ವರ್ಷದಿಂದ ಕೂಡಿಸಿದ್ದ ಆಲ್ಬಮ್ ಅದು. ಕೊನೆಯ ಪ್ಲಾಸ್ಟಿಕ್ ಜೇಬಿನಲ್ಲಿ, ನರಿಯ ಬೆನ್ನ ಹಿಂದೆ, ಹತ್ತನೇ ಕ್ಲಾಸು ಫೇಲಾದ ಅಂಕಪಟ್ಟಿಯನ್ನು ಮಡಿಸಿಟ್ಟಿದ್ದ. ಆಮೇಲೆ ಅವನು ಶಾಲೆಯ ಕಡೆ ತಲೆ ಹಾಕಿರಲಿಲ್ಲ.

ಒಂದೇ ಪುಟ ಉಳಿದಾಗ ದಿಲೀಪ ಆಲ್ಬಮ್ ಕಿತ್ತುಕೊಂಡ. ಅಂಕಪಟ್ಟಿಯನ್ನು ತಾನೇ ಎಳೆದು ಚನ್ನಪ್ಪನ ಕೈಗಿಟ್ಟ. ತುಪ್ಪ ಮೆತ್ತಿದ ನರಿಯನ್ನು ಹೊಸ ಅಂಗಿಯಿಂದ ಒರೆಸಿದ.

"ಎಲ್ಲಿಗ್ಲಾ ಓಯ್ತಿದ್ದೀಯ? ಏನಾರ ಬೊಗಳ್ಲಾ!" ಮಾವ ಕೂಗಿದ.

ದಿಲೀಪ ಆಲ್ಬಮ್ಮನ್ನು ಕಂಕುಳಿಗೆ ಸೇರಿಸಿಕೊಂಡು ಹೊಸ್ತಿಲು ದಾಟಿದ.