ಎಲ್ಲಕ್ಕಿಂತ ಭಾರದ ತಪ್ಪು

ಹೇಳಿಕೊಳ್ಳಲು ಯೋಗ್ಯವಾದ ಒಂದು ತಪ್ಪಿಗಾಗಿ ದೊಡ್ಡಣ್ಣ ಬೆಳಿಗ್ಗೆಯಿಂದ ಹುಡುಕಾಡುತ್ತಿದ್ದ. ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಲೇ ಹದಿನೆಂಟು ವರ್ಷದ ಚಾಕರಿಯನ್ನೆಲ್ಲ ಜಾಲಾಡಿದ. ಕಳೆದುಹಾಕಿದ ಸ್ಪ್ಯಾನರುಗಳು, ತಡವಾಗಿ ಹೋಗಿ ನೋಡಿದ ದೂರುಗಳು. ಇಂಥ ಚಿಲ್ಲರೆ ತಪ್ಪುಗಳಿಗೆ ಉಪನಾಯಕನ ಪಟ್ಟ ಯಾರು ಕೊಡುತ್ತಾರೆ?

"ಏನಾದ್ರೂ ಕಟ್ಟಿ ಹೇಳಿ ರೀ," ಎಂದಳು ಹೆಂಡತಿ.

"ಕಟ್ಟಿದ್ದು ಮೇಡಂಗೆ ಗೊತ್ತಾಗಿಬಿಡುತ್ತೆ ಕಣೇ. ನಿಜವಾದದ್ದೇ ಬೇಕು."

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನೋಡಿ, ಅದೊಂದನ್ನ ಮಾತ್ರ ಬಾಯಿ ಬಿಡಬೇಡಿ."

"ನನಗೇನು ತಲೆ ಕೆಟ್ಟಿದೆಯಾ?" ಎಂದ. ಹಾಗೆ ಹೇಳುವಾಗ ಅವನ ತಲೆ ನೆಟ್ಟಗೇ ಇತ್ತು.

ದೊಡ್ಡಣ್ಣ ಲಿಫ್ಟ್ ದುರಸ್ತಿ ಕಂಪನಿಯ ಹಿರಿಯ ಮೆಕ್ಯಾನಿಕ್. ಅವನನ್ನೂ ಸೇರಿಸಿ ಶಾಖೆಯಲ್ಲಿ ಐವರು. ಮೇಡಂ ಬರುವ ಮುಂಚೆ ಅದನ್ನು ತಂಡ ಎಂದು ಕರೆದರೆ ಆ ಪದಕ್ಕೇ ಅವಮಾನ. ಬ್ರೇಕ್ ಸವೆದರೆ ನೀನು ನೋಡಲಿಲ್ಲ, ಬಾಗಿಲು ಸಿಕ್ಕಿಕೊಂಡರೆ ಅವನು ಎಣ್ಣೆ ಹಾಕಲಿಲ್ಲ; ಒಬ್ಬರ ಮೇಲೊಬ್ಬರು ಗೂಬೆ ಕೂರಿಸುವುದರಲ್ಲೇ ಸಂಜೆಯಾಗುತ್ತಿತ್ತು.

ಎಂಟು ತಿಂಗಳ ಹಿಂದೆ ಮೇಡಂ ಮೇಲ್ವಿಚಾರಕಿಯಾಗಿ ಬಂದರು. ಎಲ್ಲೋ ದೊಡ್ಡ ಹುದ್ದೆ ಬಿಟ್ಟು, ಯಾರಿಗೂ ಬೇಡವಾದ ಈ ಶಾಖೆಯನ್ನೇ ಕೇಳಿ ಪಡೆದರಂತೆ. ಬಂದ ವಾರವೇ ಹೊಸ ಪದ್ಧತಿ ತಂದರು. ಪ್ರತಿ ಸೋಮವಾರ ಎಲ್ಲರೂ ಮೇಜಿನ ಸುತ್ತ ಕೂತು ತಮ್ಮ ತಮ್ಮ ಒಂದೊಂದು ತಪ್ಪು ಹೇಳಬೇಕು. ಬೈಗುಳವಿಲ್ಲ, ದಂಡವಿಲ್ಲ, ಹೇಳಿದವನಿಗೆ ಚಪ್ಪಾಳೆ. ಹೇಳಿದ್ದನ್ನು ಮೇಡಂ ಪುಸ್ತಕದಲ್ಲಿ ಬರೆಯುತ್ತಾರೆ. ಹೇಳಿದವನು ಸಹಿ ಹಾಕಬೇಕು, ಕೇಳಿದವರೂ ಹಾಕಬೇಕು.

"ನಾವೆಲ್ಲ ಯಾಕೆ ಮೇಡಂ?" ಎಂದು ಯಾರೋ ಕೇಳಿದ್ದಕ್ಕೆ ಅವರು ನಕ್ಕಿದ್ದರು. "ಒಬ್ಬರು ಹೇಳಿದ್ದು ಉಳಿದವರಿಗೂ ನೆನಪಿರಲಿ ಅಂತ ಅಷ್ಟೇ."

ಮೊದಮೊದಲು ಎಲ್ಲರ ಬಾಯಿಗೂ ಬೀಗ. ಆಮೇಲೆ ಒಬ್ಬ ಬಿಚ್ಚಿದ, ಇನ್ನೊಬ್ಬ ಬಿಚ್ಚಿದ. ಯಾರಿಗೂ ಏನೂ ಆಗಲಿಲ್ಲ. ದೂರುಗಳು ಅರ್ಧಕ್ಕಿಳಿದವು. ಒಬ್ಬನಿಗೆ ಕರೆ ಬಂದರೆ ಜೊತೆಗೆ ಇನ್ನೊಬ್ಬ ತಾನಾಗಿಯೇ ಏಳುತ್ತಿದ್ದ. ಮೇಡಂ ಎಂದರೆ ಹುಡುಗರಿಗೆ ಪ್ರಾಣ. ಅವರು ಐದನೇ ಮಹಡಿಯ ಕಚೇರಿಗೆ ದಿನವೂ ಮೆಟ್ಟಿಲು ಹತ್ತಿಯೇ ಬರುವುದನ್ನು ಕಂಡು ಮಾತ್ರ ಬೆನ್ನ ಹಿಂದೆ ನಗುತ್ತಿದ್ದರು: "ನಮ್ಮ ಕೆಲಸದ ಮೇಲೆ ಎಂಥಾ ನಂಬಿಕೆ ನೋಡ್ರೋ!"

ಹೋದ ಸೋಮವಾರ ಮೇಡಂ ಘೋಷಿಸಿದ್ದರು: "ನನಗೊಬ್ಬ ಉಪನಾಯಕ ಬೇಕು. ವಯಸ್ಸು ನೋಡಲ್ಲ, ಕೈಚಳಕ ನೋಡಲ್ಲ. ಎಲ್ಲಕ್ಕಿಂತ ಭಾರದ ತಪ್ಪನ್ನ ಒಪ್ಪಿಕೊಳ್ಳೋ ಎದೆಗಾರಿಕೆ ಯಾರಿಗಿದೆಯೋ, ಅವರಿಗೆ ಆ ಜಾಗ. ಎಷ್ಟು ಹಳೇದಾದ್ರೂ ಪರವಾಗಿಲ್ಲ."

ಇಂದು ಮೊದಲು ಎದ್ದವನು ಕನ್ನಡಕದ ಹುಡುಗ. ಕೆಲಸಕ್ಕೆ ಸೇರಿ ಮೂರೇ ವರ್ಷ. ತಾನು ತಪ್ಪು ತಂತಿ ಜೋಡಿಸಿದ್ದರಿಂದ ಒಬ್ಬ ಅಜ್ಜಿ ಎರಡು ಗಂಟೆ ಕತ್ತಲಲ್ಲಿ ಸಿಕ್ಕಿಹಾಕಿಕೊಂಡದ್ದನ್ನೂ, ಕರೆಂಟು ಹೋಗಿತ್ತು ಎಂದು ಸುಳ್ಳು ಹೇಳಿದ್ದನ್ನೂ ಹೇಳಿ ಗೊಳೋ ಎಂದು ಅತ್ತ. ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ದೊಡ್ಡಣ್ಣ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಮೂರು ಸಲ ಕೈತಪ್ಪಿದ ಬಡ್ತಿ ಈಗ ಒಬ್ಬ ಅಜ್ಜಿಯ ಕಥೆಯ ಪಾಲಾಗುವುದೇ?

ಅವನು ಎದ್ದು ನಿಂತ.

"ನಾಲ್ಕು ವರ್ಷದ ಹಿಂದೆ. ಕೆರೆ ಪಕ್ಕದ ಏಳು ಮಹಡಿ ಕಟ್ಟಡ. ತಪಾಸಣೆಗೆ ಹೋದವನು ಮೇಲೆ ಯಂತ್ರದ ಕೋಣೆಗೆ ಹತ್ತಲೇ ಇಲ್ಲ. ಬಿಸಿಲು ಜಾಸ್ತಿ ಇತ್ತು. ಕೆಳಗೇ ಕೂತು, ಬ್ರೇಕು ಹಗ್ಗ ಎಲ್ಲ ಸರಿ ಇದೆ ಅಂತ ಸಹಿ ಹಾಕ್ಬಿಟ್ಟೆ. ಒಂಬತ್ತನೇ ದಿನಕ್ಕೆ ಲಿಫ್ಟು ಬಿತ್ತು."



"ಒಳಗೆ ಯಾರಿದ್ರು?" ಎಂದರು ಮೇಡಂ.

"ಒಬ್ಬ ಹುಡುಗ. ಉಳೀಲಿಲ್ಲ. ಅವನೇ ಒಳಗೆ ಕುಣಿದಾಡಿ ಕೆಡಿಸಿದ ಅಂತ ನಾನೇ ವರದಿ ಬರೆದೆ. ಉಳಿದದ್ದನ್ನ ವಕೀಲರು ನೋಡ್ಕೊಂಡ್ರು."

"ಹುಡುಗನ ಹೆಸರು?"

"ಕೇಳ್ಕೊಳ್ಳೋಕೆ ಹೋಗ್ಲಿಲ್ಲ ಮೇಡಂ." ದೊಡ್ಡಣ್ಣ ಕಣ್ಣಲ್ಲಿ ನೀರು ತಂದುಕೊಂಡ. ಅರ್ಧ ಪಶ್ಚಾತ್ತಾಪದ್ದು, ಅರ್ಧ ಹುದ್ದೆಯ ಆಸೆಯದು.

ಮೊದಲು ಚಪ್ಪಾಳೆ ತಟ್ಟಿದವರು ಮೇಡಂ. ಉಳಿದವರು ಅವರ ಮುಖ ನೋಡಿ ಒಲ್ಲದ ಮನಸ್ಸಿನಿಂದ ತಟ್ಟಿದರು. ಮೇಡಂ ಪುಸ್ತಕ ತೆರೆದು ಅವನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದರು. ತಪಾಸಣೆಯ ತಾರೀಕು ಕೇಳಿದರು, ಹೇಳಿದ. ವರದಿ ಎಲ್ಲಿದೆ ಎಂದು ಕೇಳಿದರು, ಅದನ್ನೂ ಹೇಳಿದ. ಕೆಳಗೆ ಠೀವಿಯಿಂದ ಸಹಿ ಜಡಿದ. ಉಳಿದ ನಾಲ್ವರೂ ಸಹಿ ಹಾಕಿದರು. ಕನ್ನಡಕದವನು ಅವನ ಮುಖ ನೋಡದೆಯೇ ಪುಸ್ತಕವನ್ನು ಮುಂದಕ್ಕೆ ತಳ್ಳಿದ. ಸೋತವನು ಗೆದ್ದವನ ಮುಖ ನೋಡುತ್ತಾನೆಯೇ ಎಂದುಕೊಂಡ ದೊಡ್ಡಣ್ಣ.

"ಹಾಗಾದ್ರೆ ಮೇಡಂ, ಆ ಜಾಗ..."

"ನಿಮ್ಮನ್ನ ಬಿಟ್ರೆ ಇನ್ಯಾರಿಗೆ? ಇಷ್ಟು ದಿನ ನಾನು ಹುಡುಕ್ತಾ ಇದ್ದದ್ದು ನಿಮ್ಮನ್ನೇ." ಪ್ರತಿ ವಾರ ಕಪಾಟು ಸೇರುತ್ತಿದ್ದ ಪುಸ್ತಕವನ್ನು ಅವರು ತಮ್ಮ ಕೈಚೀಲದೊಳಗೆ ಹಾಕಿಕೊಂಡರು.

ದೊಡ್ಡಣ್ಣನ ಎದೆ ಉಬ್ಬಿತು. ಹೆಂಡತಿಗೆ ಸುಮ್ಮಸುಮ್ಮನೆ ಭಯ. ಉಪನಾಯಕನಾದ ಮೇಲೆ ಮೇಡಂ ಜೊತೆ ಒಂದಿಷ್ಟು ಸಲಿಗೆಯೂ ಬೇಕಲ್ಲ ಎನ್ನಿಸಿ ಹಲ್ಲು ಕಿರಿದ. "ಎಲ್ಲರ ಬಾಯಲ್ಲೂ ಹೇಳಿಸಿದ್ರಿ. ನೀವು ಮಾತ್ರ ಇದುವರೆಗೂ ಒಂದು ತಪ್ಪೂ ಹೇಳಲಿಲ್ವಲ್ಲ ಮೇಡಂ?"

ಮೇಡಂ ಬಾಗಿಲ ಬಳಿ ನಿಂತು ತಿರುಗಿದರು. "ಅವತ್ತು ಶಾಲೆಗೆ ಹೊತ್ತಾಗಿತ್ತು; ಓಡು, ಲಿಫ್ಟಲ್ಲೇ ಇಳಿ ಅಂತ ನನ್ನ ಮಗನನ್ನ ಬೈದು ಕಳಿಸಿದವಳು ನಾನು."